ಒಂದೇ ಬೇರು, ಮೂರು ನೆಲ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನಲ್ಲಿ ಕುಳಿತು ಜಮಾ-ಖರ್ಚು ಬರೆಯುವ ನನ್ನಂಥವನು ಗಿಡ, ಹಕ್ಕಿಗಳ ವಿಷಯವಾಗಿ ಮಾತನಾಡಲು ನಿಂತರೆ ತಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾದೀತು. ಆದರೆ ಪರಿಸರವಿಜ್ಞಾನಿಗಳ ಕೆಲಸವನ್ನು ಕುರಿತು ಓದುತ್ತ ಹೋದಂತೆ, ಅವರದೂ ಬಹುಮಟ್ಟಿಗೆ ಲೆಕ್ಕ ಬರೆಯುವ ಕಸುಬೇ ಎಂದು ನನಗೆ ತೋರಿತು. ಅಲ್ಲದೆ, ಹುಟ್ಟೂರು ಬಿಟ್ಟು ಮುಂಬಯಿಗೆ ಬಂದ ನಮಗೆಲ್ಲ ‘ಹೊಂದಿಕೊಳ್ಳುವುದು’ ಎಂಬ ಮಾತು ನಿತ್ಯದ್ದು. ಆ ಮಾತಿನ ಅರ್ಥವನ್ನು ಗಿಡ, ಹಕ್ಕಿಗಳನ್ನು ಕೇಳಿ ತಿಳಿದವರ ಕಥೆಯನ್ನು ಸಂಕ್ಷೇಪವಾಗಿ ಹೇಳಬಯಸುತ್ತೇನೆ.

ಕಣ್ಣೆದುರಿಗಿರುವುದರಿಂದಲೇ ಆರಂಭಿಸೋಣ. ಮಾನ್‌ಖುರ್ದ್ ದಾಟಿ ವಾಶಿಯ ಕಡೆಗೆ ಲೋಕಲ್ ಗಾಡಿಯಲ್ಲಿ ಹೋಗುವಾಗ ಖಾರಿಯ ದಂಡೆಗೆ ಹಸುರು ಪೊದೆಗಳು ಕಾಣುತ್ತವೆಯಷ್ಟೆ. ಮರಾಠಿಯವರು ಅದನ್ನು ತಿವರ ಎನ್ನುತ್ತಾರೆ. ನಮ್ಮ ಕರಾವಳಿಯವರು ಕಾಂಡ್ಲ ಎನ್ನುವುದು ಇದರ ಬಳಗವನ್ನೇ. ಬೇರಿಗೆ ಉಪ್ಪುನೀರು, ಸುತ್ತ ಗಾಳಿಯಾಡದ ಕೆಸರು. ನಮ್ಮ ಅಂಗಳದ ದಾಸವಾಳವನ್ನು ಅಲ್ಲಿ ನೆಟ್ಟರೆ ಬದುಕಲಾರದು. ತಿವರವಾದರೋ ಪೆನ್ಸಿಲಿನಂಥ ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಚಾಚಿ ಗಾಳಿಯನ್ನು ಪಡೆಯುತ್ತದೆ. ಹೆಚ್ಚಾದ ಉಪ್ಪನ್ನು ಎಲೆಗಳ ಮೂಲಕ ಹೊರಹಾಕುತ್ತದೆ.

ಬೇರು ಉಸಿರಾಡುತ್ತದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ವಿಜ್ಞಾನಕ್ಕೆ ಸಾಲದು, ರುಜುವಾತು ಬೇಕು. ಶೋಲ್ಯಾಂಡರ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಕಾಂಡ್ಲ ಬಳಗದ ಮರದ ಬೇರುಗಳ ಮೇಲಿನ ಸಣ್ಣ ರಂಧ್ರಗಳಿಗೆ ಗ್ರೀಸು ಮೆತ್ತಿ ನೋಡಿದರು. ಕೆಸರಿನೊಳಗಿದ್ದ ಬೇರಿನಲ್ಲಿ ಆಮ್ಲಜನಕವು ಬೇಗನೆ ಇಳಿದುಹೋಯಿತು. 1955ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ ದೊಡ್ಡ ಯಂತ್ರಕ್ಕಿಂತ ಹೆಚ್ಚಾಗಿ ಸರಿಯಾದ ಪ್ರಶ್ನೆ ಬೇಕಾಗಿತ್ತು.

ಆದರೆ ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದುಂಟು. ಎತ್ತರದ ಬೆಟ್ಟದಲ್ಲಿ ಬೆಳೆಯುವ ಗಿಡ ಕುಳ್ಳಗಿರುತ್ತದೆ. ಅದನ್ನು ಕುಳ್ಳಾಗಿಸಿದ್ದು ಅಲ್ಲಿನ ಚಳಿಯೋ, ಅಥವಾ ಕುಳ್ಳತನ ಬೀಜದಲ್ಲಿಯೇ ಇದೆಯೋ? ಬೆಟ್ಟದ ಮೇಲೆ ನಿಂತು ಎಷ್ಟು ನೋಡಿದರೂ ಇದಕ್ಕೆ ಉತ್ತರ ಸಿಕ್ಕದು. ಗಿಡವನ್ನು ಊರು ಬಿಡಿಸಿಯೇ ನೋಡಬೇಕು.

ಹಾಗೆ ಊರು ಬಿಡಿಸಿ ನೋಡಿದವರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಕ್ಲೌಸೆನ್, ಕೆಕ್ ಮತ್ತು ಹೀಸಿ ಎಂಬ ಮೂವರು ಪ್ರಸಿದ್ಧರು. ಅವರು ಮೂರು ತೋಟಗಳನ್ನು ಮಾಡಿದರು: ಸ್ಟ್ಯಾನ್‌ಫರ್ಡ್ ಸಮುದ್ರಮಟ್ಟದಿಂದ ಸುಮಾರು 30 ಮೀಟರು ಎತ್ತರದಲ್ಲಿ, ಮ್ಯಾಥರ್ 1400 ಮೀಟರಿನಲ್ಲಿ, ಟಿಂಬರ್‌ಲೈನ್ 3050 ಮೀಟರಿನಲ್ಲಿ. ಗುಲಾಬಿಯ ಕುಲಕ್ಕೆ ಸೇರಿದ ಪೊಟೆಂಟಿಲ್ಲ ಎಂಬ ಗಿಡವನ್ನು ತೆಗೆದುಕೊಂಡು, ಒಂದೇ ಗಿಡವನ್ನು ಬೇರುಸಹಿತ ತುಂಡುಮಾಡಿ, ಆ ತುಂಡುಗಳನ್ನು ಮೂರು ತೋಟಗಳಲ್ಲಿಯೂ ನೆಟ್ಟರು. ಒಂದೇ ತಾಯಿಯ ಮಕ್ಕಳು ಎಂದರೂ ಸಾಲದು. ಒಂದೇ ಜೀವ ಮೂರು ಕಡೆ ಸಂಸಾರ ಹೂಡಿದಂತೆ! ತುಂಡುಗಳಲ್ಲಿ ಹುಟ್ಟಿನ ಭೇದವಿಲ್ಲ. ಆದುದರಿಂದ ಅವುಗಳ ನಡುವೆ ಕಂಡ ವ್ಯತ್ಯಾಸವೆಲ್ಲ ನೆಲ, ಹವೆಗಳ ಕೊಡುಗೆಯೇ ಸರಿ.

1940ರಲ್ಲಿ ಅವರು ಪ್ರಕಟಿಸಿದ ಗ್ರಂಥದ ಸಾರಾಂಶವಿಷ್ಟು: ನೆಲ ಬದಲಾದಂತೆ ಗಿಡದ ಎತ್ತರವೂ ಹೂಬಿಡುವ ಕಾಲವೂ ನಿಜವಾಗಿ ಬದಲಾದವು. ಆದರೆ ಬದಲಾವಣೆಗೆ ಒಂದು ಎಲ್ಲೆಯಿತ್ತು. ಎತ್ತರದ ಬೆಟ್ಟದ ಗಿಡ ಸ್ಟ್ಯಾನ್‌ಫರ್ಡಿನ ಹಿತವಾದ ಹವೆಗೆ ಬಂದರೂ ಚಳಿಗಾಲದಲ್ಲಿ ನಿದ್ರೆ ಹೋಗುವುದನ್ನು ಬಿಡಲಿಲ್ಲ. ಕರಾವಳಿಯ ಗಿಡ ಟಿಂಬರ್‌ಲೈನಿನ ಚಳಿಗಾಲವನ್ನು ತಡೆಯಲಾರದೆ ಸತ್ತುಹೋಯಿತು. ಮುಂದೆ 1948ರಲ್ಲಿ ಅದೇ ಮೂವರು ಸೇವಂತಿಗೆಯ ಕುಲದ ‘ಯಾರೋ’ ಎಂಬ ಗಿಡದ ಮೇಲೆ ನಡೆಸಿದ ಕೆಲಸವನ್ನು ಪ್ರಕಟಿಸಿದರು. (ಅದರ ಹೆಸರೇ ಹಾಗೆ, ನನಗೆ ಹೆಸರು ಮರೆತಿದೆಯೆಂದು ತಾವು ನಗಬಾರದು.) ಹಲವು ಎತ್ತರಗಳಿಂದ ತಂದ ಬೀಜಗಳನ್ನು ಒಂದೇ ತೋಟದಲ್ಲಿ ಬೆಳೆಸಿದಾಗ, ಎತ್ತರದ ಬೆಟ್ಟದ ಬೀಜದಿಂದ ಬಂದವು ತಗ್ಗಿನ ನೆಲದಲ್ಲಿಯೂ ಕುಳ್ಳಾಗಿಯೇ ಉಳಿದವು. ನೆಲ ಕೊಡುವುದು ಒಂದು ಪಾಲು, ಬೀಜ ಕೊಡುವುದು ಇನ್ನೊಂದು ಪಾಲು. ಎರಡನ್ನೂ ಬೇರೆ ಬೇರೆ ಖಾತೆಯಲ್ಲಿ ಬರೆದವರು ಇವರು.

ಹಾಗಾದರೆ ಬೀಜಕ್ಕೆ ಆ ಗುಣ ಬಂದದ್ದಾದರೂ ಎಲ್ಲಿಂದ? ಇದಕ್ಕೆ ಉತ್ತರ ಹುಡುಕಲು ಪೀಟರ್ ಗ್ರ್ಯಾಂಟ್ ಮತ್ತು ರೋಸ್‌ಮರಿ ಗ್ರ್ಯಾಂಟ್ ದಂಪತಿಗಳು 1973ರಿಂದ ಸುಮಾರು 40 ವರ್ಷಗಳ ಕಾಲ ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಗಳಲ್ಲೊಂದಾದ ಡ್ಯಾಫ್ನಿ ಮೇಜರಿಗೆ ಹೋಗುತ್ತಿದ್ದರು. ಆ ಸಣ್ಣ ದ್ವೀಪದಲ್ಲಿ ಫಿಂಚ್ ಎಂಬ ಗುಬ್ಬಿಯಂಥ ಹಕ್ಕಿಗಳಿವೆ. ದಂಪತಿಗಳೂ ಅವರ ಸಹಾಯಕರೂ ಹಕ್ಕಿಗಳನ್ನು ಹಿಡಿದು, ಕಾಲಿಗೆ ಬಳೆ ತೊಡಿಸಿ, ಕೊಕ್ಕನ್ನು ಅಳೆದು, ಬರೆದುಕೊಂಡು ಬಿಡುತ್ತಿದ್ದರು. ಯಾವುದು ಯಾರ ಮರಿ, ಯಾವುದು ಬದುಕಿತು, ಯಾವುದು ಸತ್ತಿತು, ಎಲ್ಲದಕ್ಕೂ ಲೆಕ್ಕ.

1977ರಲ್ಲಿ ಮಳೆ ಕೈಕೊಟ್ಟಿತು. ಮಳೆಗಾಲವೆಲ್ಲ ಸೇರಿ ಬಿದ್ದದ್ದು 24 ಮಿಲಿಮೀಟರು. ಮೆತ್ತನೆಯ ಸಣ್ಣ ಬೀಜಗಳು ತೀರಿಹೋಗಿ, ನಮ್ಮ ಹೊಲದ ನೆಗ್ಗಿಲ ಮುಳ್ಳಿನ ದಾಯಾದಿಯಾದ ಗಿಡದ ಗಟ್ಟಿ ಕಾಯಿಗಳು ಉಳಿದವು. ದ್ವೀಪದ ಮಧ್ಯಮ ಗಾತ್ರದ ಫಿಂಚುಗಳಲ್ಲಿ ನೂರಕ್ಕೆ ಸುಮಾರು 85 ಕಾಣದಾದವು. ಉಳಿದವುಗಳ ಕೊಕ್ಕಿನ ದಪ್ಪವನ್ನು ಅಳೆದರೆ, ಸರಾಸರಿ ಮೊದಲಿಗಿಂತ ಸುಮಾರು ಅರ್ಧ ಮಿಲಿಮೀಟರು ಹೆಚ್ಚು! ಅವುಗಳ ಮರಿಗಳಿಗೂ ದಪ್ಪ ಕೊಕ್ಕು ಬಂದಿತು.

ಇಲ್ಲಿ ಒಂದು ಸೂಕ್ಷ್ಮವುಂಟು. ಯಾವ ಹಕ್ಕಿಯೂ ಪ್ರಯತ್ನಪಟ್ಟು ತನ್ನ ಕೊಕ್ಕನ್ನು ದಪ್ಪ ಮಾಡಿಕೊಳ್ಳಲಿಲ್ಲ. ಗಟ್ಟಿ ಕಾಯಿ ಒಡೆಯಬಲ್ಲವು ಹೆಚ್ಚಾಗಿ ಉಳಿದವು, ಒಡೆಯಲಾರದವು ಅಳಿದವು, ಬದಲಾದದ್ದು ಬಳಗ. ಬಲಿಷ್ಠರಿಗೇ ಬಾಳು ಎಂಬ ಗಾದೆಯನ್ನೂ ಇದರಿಂದ ಕಟ್ಟಲಾಗದು. 1983ರಲ್ಲಿ ಧಾರಾಕಾರ ಮಳೆ ಸುರಿದು ಸಣ್ಣ ಬೀಜಗಳು ಹೇರಳವಾದವು. ಆಮೇಲೆ ಆಹಾರ ಕಡಿಮೆಯಾದಾಗ ಸಣ್ಣ ಕೊಕ್ಕಿನವುಗಳಿಗೇ ಅನುಕೂಲವಾಯಿತು. ಒಂದು ವರ್ಷದ ಗುಣ ಇನ್ನೊಂದು ವರ್ಷದ ದೋಷ. ಎರಡೇ ವರ್ಷ ಲೆಕ್ಕವಿಟ್ಟು ಮನೆಗೆ ಹೋಗಿದ್ದರೆ ಅರ್ಧ ಸತ್ಯವೇ ಪೂರ್ಣಸತ್ಯವೆಂದು ಅಚ್ಚಾಗುತ್ತಿತ್ತು.

ಇದರಲ್ಲಿ ನಮಗೇನಿದೆ? ‘ಕನ್ನಡ ನಮ್ಮ ರಕ್ತದಲ್ಲಿದೆ’ ಎಂದು ನಾವು ವೇದಿಕೆಗಳ ಮೇಲೆ ಹೇಳುವುದುಂಟು. ಕೇಳಲು ಹಿತವಾದ ಮಾತು, ಆದರೆ ನಿಜವಲ್ಲ. ಬೆಟ್ಟದ ಗಿಡ ತನ್ನ ಚಳಿಗಾಲದ ನಿದ್ರೆಯನ್ನು ಬೀಜದಲ್ಲಿ ಕಟ್ಟಿಕೊಂಡು ಬರುತ್ತದೆ; ಭಾಷೆ ಹಾಗೆ ಬರುವುದಿಲ್ಲ. ಮಗುವಿಗೆ ಅಜ್ಜನ ಮೂಗು ರಕ್ತದಿಂದ ಬಂದೀತು. ‘ಅಜ್ಜಿ, ನೀರು ಕೊಡು’ ಎಂಬ ಮಾತು ಕಿವಿಯಿಂದಲೇ ಬರಬೇಕು. ಮನೆಯಲ್ಲಿ ಯಾರೂ ಆಡದ ಕನ್ನಡ ಮಕ್ಕಳಿಗೆ ಯಾವ ಬೀಜದಿಂದಲೂ ಮೊಳೆಯದು.

ಆದರೆ ಇದರಲ್ಲಿಯೇ ನಮ್ಮ ಭಾಗ್ಯವೂ ಇದೆ. ಫಿಂಚು ತನ್ನ ಜೀವಮಾನದಲ್ಲಿ ಅರ್ಧ ಮಿಲಿಮೀಟರು ಕೊಕ್ಕನ್ನು ಕೂಡಿಸಿಕೊಳ್ಳಲಾರದು. ನಮ್ಮ ಮಕ್ಕಳಾದರೋ ಚಾಳಿನ ಅಂಗಳದಲ್ಲಿ ಮರಾಠಿಯನ್ನೂ ಶಾಲೆಯಲ್ಲಿ ಇಂಗ್ಲಿಷನ್ನೂ ಕಲಿತು, ಊಟಕ್ಕೆ ಕುಳಿತಾಗ ಕನ್ನಡವಾಡಬಲ್ಲರು. ಒಂದನ್ನು ಪಡೆಯಲು ಇನ್ನೊಂದನ್ನು ಸಾಯಿಸಬೇಕಾಗಿಲ್ಲ. ಈ ಊರು ನಮಗೆ ಅನ್ನ ಕೊಟ್ಟಿದೆ; ಅದಕ್ಕೆ ಹೊಂದಿಕೊಳ್ಳುವುದು ಧರ್ಮವೇ. ಕನ್ನಡದ ಖಾತೆ ಮಾತ್ರ ಬೇರೆ. ಅದರಲ್ಲಿ ಹಳೆಯ ಠೇವಣಿಯ ಬಡ್ಡಿಯಿಂದಲೇ ಕಾಲ ಹಾಕಲಾಗದು. ದಿನದಿನವೂ ಜಮಾ ಬೀಳಬೇಕು. ಒಂದು ತಲೆಮಾರು ಜಮಾ ಮಾಡದಿದ್ದರೆ ಮುಂದಿನದಕ್ಕೆ ತೆಗೆಯಲು ಏನೂ ಇರದು. ಈ ರಾತ್ರಿಯ ಊಟದ ಹೊತ್ತಿಗೇ ಆ ಜಮಾ ಆರಂಭವಾಗಲಿ ಎಂದು ಬೇಡಿಕೊಳ್ಳುತ್ತೇನೆ.