ಅಂಚೆಚೀಟಿಗಳ ಬಳಿಗೆ ಮತ್ತೆ

(ಪೆರಂಬೂರಿನ ಕನ್ನಡ ಬಂಧುಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಈ ವೇದಿಕೆಯಿಂದ ತಾವು ವಚನ ಸಾಹಿತ್ಯದ ಬಗ್ಗೆ, ಗಡಿನಾಡಿನ ಸಮಸ್ಯೆಗಳ ಬಗ್ಗೆ, ಹೊರನಾಡಿನ ಮಕ್ಕಳ ಕನ್ನಡ ಕಲಿಕೆಯ ಬಗ್ಗೆ ವಿದ್ವಾಂಸರ ಮಾತುಗಳನ್ನು ಕೇಳಿದ್ದೀರಿ. ನಾನು ವಿದ್ವಾಂಸನಲ್ಲ. ಕಾರ್ಯದರ್ಶಿಗಳು ದೂರವಾಣಿಯಲ್ಲಿ ನನ್ನ ವಿಷಯವೇನೆಂದು ಕೇಳಿದಾಗ "ಅಂಚೆಚೀಟಿ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಮಕ್ಕಳ ಕಾರ್ಯಕ್ರಮ ಬೇರೆ ದಿನ ಇದೆಯಲ್ಲ ಸಾರ್" ಎಂದರು. ಅವರ ಸಂಕೋಚ ನನಗೆ ಅರ್ಥವಾಯಿತು. ಎಪ್ಪತ್ತು ದಾಟಿದ ಮನುಷ್ಯ ಚಿಮುಟ, ಭೂತಗನ್ನಡಿ ಹಿಡಿದು ಬಣ್ಣದ ಚೂರುಗಳ ಮುಂದೆ ಕೂರುವುದು ಮನೆಯವರಿಗೇ ವಿಚಿತ್ರವಾಗಿ ಕಾಣುತ್ತದೆ. ಆದರೂ ಹೇಳಿಕೊಳ್ಳಬೇಕಾದ ಒಂದು ತಪ್ಪು ಇದರಲ್ಲಿದೆ. ಅದನ್ನು ತಮ್ಮಂಥವರ ಮುಂದೆ ಹೇಳಿದರೇ ಪ್ರಯೋಜನ.

ನನ್ನ ತಂದೆ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿದ್ದವರು. ನಮ್ಮಲ್ಲಿ ಹಲವರ ಮನೆತನದ ಕಥೆ ಇದೇ ದಾರಿಯದು. 1908ರಲ್ಲಿ ರೂಪುಗೊಂಡ ಮದರಾಸು ಮತ್ತು ದಕ್ಷಿಣ ಮರಾಠಾ ರೈಲ್ವೆಗೆ ಪೆರಂಬೂರಿನಲ್ಲೊಂದು, ಹುಬ್ಬಳ್ಳಿಯಲ್ಲೊಂದು ಕಾರ್ಖಾನೆ ಇತ್ತು. 1951ರಲ್ಲಿ ಅದು ದಕ್ಷಿಣ ರೈಲ್ವೆಯಲ್ಲಿ ಸೇರಿದ ಮೇಲೂ ಎರಡೂ ಊರುಗಳಿಗೆ ಒಡೆಯನೊಬ್ಬನೇ. 1955ರ ಅಕ್ಟೋಬರ್ 2ರಂದು ನೆಹರೂ ಅವರು ಇಲ್ಲಿಯ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯನ್ನು ಉದ್ಘಾಟಿಸಿದರು. ಅದೇ ವರ್ಷ ತಂದೆ ಇಲ್ಲಿಗೆ ಬಂದರು. ನನಗಾಗ ಐದು ವರ್ಷ.

ನನ್ನ ಮೊದಲ ಅಂಚೆಚೀಟಿಯೂ ರೈಲಿನದೇ. ಭಾರತದ ರೈಲ್ವೆಗೆ ನೂರು ವರ್ಷವಾದ 1953ರಲ್ಲಿ ಹೊರಬಂದ ಎರಡಾಣೆಯ ಚೀಟಿಯನ್ನು ತಂದೆ ಕೊಟ್ಟರು. ಬಳಿಕ ಕಾರ್ಖಾನೆಯ ಕಚೇರಿಯ ಕಸದ ಬುಟ್ಟಿಯಿಂದ ವಿದೇಶೀ ಲಕೋಟೆಗಳ ಮೂಲೆಗಳು ಮನೆಗೆ ಬರತೊಡಗಿದವು. ಕಾರ್ಖಾನೆ ಎದ್ದದ್ದು ಝೂರಿಕ್ ಬಳಿಯ ಶ್ಲೀರೆನ್ ಎಂಬಲ್ಲಿನ ಕಂಪನಿಯ ತಾಂತ್ರಿಕ ನೆರವಿನಿಂದ. ಆದ್ದರಿಂದ ಪೆರಂಬೂರಿನ ಹುಡುಗರ ಕೈಯಲ್ಲಿ ಸ್ವಿಸ್ ಚೀಟಿಗಳಿಗೆ ಬರವಿರಲಿಲ್ಲ. ಅವುಗಳ ಮೇಲೆ ಸ್ವಿಟ್ಜರ್ಲೆಂಡ್ ಎಂದು ಇರುವುದಿಲ್ಲ, 'ಹೆಲ್ವೇಷಿಯಾ' ಎಂದಿರುತ್ತದೆ. ಆ ಹೆಸರಿನ ದೇಶವನ್ನು ಶಾಲೆಯ ಭೂಪಟದಲ್ಲಿ ಒಂದು ವರ್ಷ ಹುಡುಕಿ ಸೋತೆ.

ಶನಿವಾರ ಮಧ್ಯಾಹ್ನ ಪೆರಂಬೂರಿನಿಂದ ರೈಲು ಹತ್ತಿ, ವ್ಯಾಸರಪಾಡಿ, ಬೇಸಿನ್ ಬ್ರಿಡ್ಜ್ ದಾಟಿ ಸೆಂಟ್ರಲ್‌ನಲ್ಲಿ ಇಳಿದರೆ ಪಕ್ಕದಲ್ಲೇ ಮೂರ್ ಮಾರ್ಕೆಟ್. ಹಳೆಯ ಪುಸ್ತಕ, ಗ್ರಾಮಫೋನ್ ತಟ್ಟೆ, ಪಂಜರದ ಗಿಣಿಗಳ ನಡುವೆ ಗಾಜುಕಾಗದದ ಪೊಟ್ಟಣಗಳಲ್ಲಿ ದೇಶವಿದೇಶದ ಚೀಟಿಗಳು ಸಿಗುತ್ತಿದ್ದವು. ಅದು 1985ರ ಮೇ 30ರಂದು ಸುಟ್ಟುಹೋಯಿತು. ಈಗ ನಾವು ಉಪನಗರ ರೈಲಿನಲ್ಲಿ ಹೋಗಿ ಇಳಿಯುವ ನಿಲ್ದಾಣದ ಹೆಸರಿನಲ್ಲಿ ಮಾತ್ರ ಉಳಿದಿದೆ. 1964ರ ಸಂಕ್ರಾಂತಿಗೆ ಪುರಂದರದಾಸರ ಹದಿನೈದು ಪೈಸೆಯ ಚೀಟಿ ಹೊರಬಂದಾಗ ಮನೆಯಲ್ಲಿ ಹಬ್ಬಕ್ಕೆ ಇನ್ನೊಂದು ಕಾರಣ ಸಿಕ್ಕಿತ್ತು. ಅದಕ್ಕೆ ಮೊದಲು, 1960ರಲ್ಲಿ, ವಿಶ್ವೇಶ್ವರಯ್ಯನವರ ಚೀಟಿ ಬಂದಾಗ ಅವರು ನೂರು ವರ್ಷ ತುಂಬಿ ಇನ್ನೂ ಬದುಕಿದ್ದರು. 1949ರ ಮಾಲಿಕೆಯ ಆರಾಣೆಯ ಚೀಟಿಯಲ್ಲಿ ಬಿಜಾಪುರದ ಗೋಲಗುಮ್ಮಟವಿದೆ. ಕನ್ನಡ ನಾಡಿನದು ಎಂದು ನಾನು ಬೇರೆ ಪುಟ ಮಾಡಿ ಅಂಟಿಸಿದ್ದ ಮೊದಲ ಮೂರು ಚೀಟಿಗಳು ಇವೇ.

ಇನ್ನು ನನ್ನ ತಪ್ಪಿನ ವಿಷಯ. ಗದಗಿನ ಹತ್ತಿರದ ಹಳ್ಳಿಯಿಂದ ಅಜ್ಜಿಯ ಕಾರ್ಡುಗಳು ಬರುತ್ತಿದ್ದವು. ಅಜ್ಜಿಗೆ ಓದುಬರಹ ಬಾರದು. ಅವಳು ಹೇಳಿದ್ದನ್ನು ಶಾಲೆಯ ಮಾಸ್ತರರು ಬರೆಯುತ್ತಿದ್ದರು. ಕಾರ್ಡಿನ ಬಲಮೂಲೆಯಲ್ಲಿ ಅಚ್ಚಾಗಿರುವ ಚೀಟಿ ನನಗೆ ಬೇಕು. ತಂದೆ ಓದಿ ಮುಗಿಸಿ "ಓದಿ ಆತು, ತಗೋ" ಎನ್ನುವರು. ನಾನು ಕತ್ತರಿ ತೆಗೆದುಕೊಂಡು ಆ ಮೂಲೆಯನ್ನು ಚೌಕವಾಗಿ ಕತ್ತರಿಸುವೆ. ತಾಯಿ ಒಬ್ಬಳೇ "ಅಕ್ಷರಕ್ಕ ಕತ್ತರಿ ಹಚ್ಚಬ್ಯಾಡೋ" ಎನ್ನುತ್ತಿದ್ದಳು. ಅದು ಮಡಿಯವರ ಮಾತು ಎಂದುಕೊಂಡಿದ್ದೆ. ಲಕೋಟೆಗಳದು ಇನ್ನೂ ಕೆಟ್ಟ ಪಾಡು. ಬೋಗುಣಿಯ ನೀರಿನಲ್ಲಿ ನೆನೆಹಾಕಿ ಚೀಟಿಯನ್ನು ಬಿಡಿಸಿಕೊಂಡ ಮೇಲೆ ಲಕೋಟೆ ಬಚ್ಚಲ ಒಲೆಗೆ.

ಕಾಲೇಜು, ನೌಕರಿ, ಮದುವೆ, ಮಕ್ಕಳ ಫೀಸು. 1968ರ ಸುಮಾರಿಗೆ ಆಲ್ಬಮ್ ಅಟ್ಟ ಸೇರಿತು. ಐವತ್ತೈದು ವರ್ಷ ಅಲ್ಲೇ ಇತ್ತು. ಕೆಳಗಿಳಿಸಿ ಮಂಚದ ಅಡಿಯ ಟ್ರಂಕಿಗೆ ವರ್ಗಾಯಿಸಿದ್ದು ಬಿಟ್ಟರೆ ಅದನ್ನು ಯಾರೂ ಮುಟ್ಟಲಿಲ್ಲ. ಮಂಚದ ಅಡಿಗೆ ಇಟ್ಟದ್ದೇ ಪ್ರಮಾದವಾಯಿತು. 2023ರ ಡಿಸೆಂಬರ್ 4ರಂದು ಮಿಚಾಂಗ್ ಚಂಡಮಾರುತದ ಮಳೆ ಸುರಿದ ಬಗೆ ತಮಗೆ ನಾನು ವರ್ಣಿಸಬೇಕಾಗಿಲ್ಲ. ನಮ್ಮ ಬೀದಿಯ ನೀರು ಎರಡು ದಿನ ಮನೆಯೊಳಗಿತ್ತು. ನೀರು ಇಳಿದ ಮೇಲೆ ಟ್ರಂಕು ತೆರೆದರೆ, ಹೊಸ ಚೀಟಿಗಳೆಲ್ಲ ತಮ್ಮ ಗೋಂದಿನಿಂದಲೇ ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದವು. ಬಳಸಿದ ಚೀಟಿಗಳಿಗೆ ಅಷ್ಟು ತೊಂದರೆಯಿರಲಿಲ್ಲ. ಒಮ್ಮೆ ನೀರು ಕಂಡವಕ್ಕೆ ಎರಡನೆಯ ಸಲದ ಭಯವಿಲ್ಲ. ಎಲ್ಲವನ್ನೂ ತಣ್ಣೀರಿನಲ್ಲಿ ಬಿಡಿಸಿ ಬ್ಲಾಟಿಂಗ್ ಪೇಪರಿನ ನಡುವೆ ಹಾಕಿ ಮೇಲೆ ಭಾರ ಹೇರಿದೆ. ಹಾಗೆ ಕುಳಿತಿದ್ದಾಗಲೇ, ನನಗೆ ತಿಳಿಯದಂತೆ, ಹವ್ಯಾಸ ಹಿಂದಿರುಗಿತು.

ಮಾರನೆಯ ತಿಂಗಳು ಅಣ್ಣಾ ರಸ್ತೆಯ ಪ್ರಧಾನ ಅಂಚೆ ಕಚೇರಿಯ ಫಿಲಾಟೆಲಿ ವಿಭಾಗಕ್ಕೆ ಹೋದೆ. ಕನ್ನಡದ ಹೆಸರು ನೋಡಿ ಅಲ್ಲಿಯ ತಮಿಳು ಮಹನೀಯರೊಬ್ಬರು 2017ರ ಕಾಫಿ ಪರಿಮಳದ ಚೀಟಿಯ ಮಾತೆತ್ತಿದರು. ಅದು ಬಿಡುಗಡೆಯಾದದ್ದು ಬೆಂಗಳೂರಿನಲ್ಲಿ. 2006ರಲ್ಲಿ ಶ್ರೀಗಂಧದ ವಾಸನೆಯ ಚೀಟಿಯೂ ಬಂದಿತ್ತಂತೆ. ಇವೆಲ್ಲ ನಾನು ಹೊರಗಿದ್ದ ಕಾಲದ ಸಂಗತಿಗಳು. ವಾಸನೆಯ ಚೀಟಿಗಳ ಬಗ್ಗೆ ನನಗೆ ಹೆಚ್ಚಿನ ಗೌರವವಿಲ್ಲ; ಪತ್ರಕ್ಕೆ ಹಚ್ಚದೆ ನೇರವಾಗಿ ಆಲ್ಬಮಿಗೆ ಹೋಗಲೆಂದೇ ಹುಟ್ಟಿದ ಚೀಟಿ ಪತ್ರ ಬರೆಯದವರ ಕಾಲದ ಆಭರಣ. ಆದರೆ ಆ ಮಹನೀಯರಿಂದ ಒಂದು ಮಾತು ಕಲಿತೆ. ತಮಿಳಿನಲ್ಲಿ ಅಂಚೆಚೀಟಿಗೆ 'ಅಂಜಲ್ ತಲೈ', ಅಂದರೆ ಅಂಚೆಯ ತಲೆ. ಬಾಲ್ಯದಲ್ಲಿ ತಲೆ ಕತ್ತರಿಸಿ ಇಟ್ಟುಕೊಂಡು ದೇಹವನ್ನು ಒಲೆಗೆ ಹಾಕಿದೆನಲ್ಲ ಎಂದು ಬಸ್ಸಿನಲ್ಲಿ ಬರುವಾಗ ಹೊಳೆಯಿತು.

ಸಂಗ್ರಹ ಎಂದಕೂಡಲೇ ಜನ ಕೇಳುವುದು "ಎಷ್ಟು ಬೆಲೆ ಬಾಳುತ್ತದೆ?" ಎಂದು. ನನ್ನದು ಏನೂ ಬಾಳುವುದಿಲ್ಲ. 1948ರ ಆಗಸ್ಟ್ 15ರಂದು ಬಂದ ಗಾಂಧೀಜಿಯವರ ಹತ್ತು ರೂಪಾಯಿಯ ಚೀಟಿಗೆ ಒಳ್ಳೆಯ ಬೆಲೆಯಿದೆ. ಅದೂ ಸ್ವಿಟ್ಜರ್ಲೆಂಡಿನಲ್ಲೇ ಅಚ್ಚಾದದ್ದು. ನನ್ನ ಬಳಿ ಇರುವುದು ಅದೇ ಮಾಲಿಕೆಯ ಒಂದೂವರೆ ಆಣೆಯದು, ಠಸ್ಸೆ ಬಿದ್ದದ್ದು.

ಬೆಲೆಯ ಮಾತು ಬಿಟ್ಟಾಗ ಬೇರೊಂದು ಲೆಕ್ಕ ಕಾಣತೊಡಗಿತು. ಹೆಲ್ವೇಷಿಯಾದ ಒಗಟು ಈಗ ಬಿಡಿಸಿತು. ಆ ದೇಶದಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಷ್ ಎಂಬ ನಾಲ್ಕು ಭಾಷೆಗಳು. ಅಂಗೈಯಗಲವೂ ಇಲ್ಲದ ಚೀಟಿಯಲ್ಲಿ ನಾಲ್ಕಕ್ಕೂ ಜಾಗವಿಲ್ಲ. ಒಂದನ್ನು ಹಾಕಿದರೆ ಮೂರಕ್ಕೆ ಅವಮಾನ. ಆದ್ದರಿಂದ ಯಾರ ಮನೆಮಾತೂ ಅಲ್ಲದ ಲ್ಯಾಟಿನ್ನಿನ ಹೆಸರು. ದಕ್ಷಿಣ ಆಫ್ರಿಕಾದವರು 1926ರಿಂದ ಒಂದೇ ಹಾಳೆಯಲ್ಲಿ ಒಂದು ಚೀಟಿ ಇಂಗ್ಲಿಷಿನಲ್ಲಿ, ಪಕ್ಕದ್ದು ಆಫ್ರಿಕಾನ್ಸ್‌ನಲ್ಲಿ ಎಂದು ಜೋಡಿ ಮಾಡಿದರು. ಅಲ್ಲಿಯ ಬಹುಸಂಖ್ಯಾತರ ಭಾಷೆಗಳಿಗೆ ಆ ಜೋಡಿಯಲ್ಲಿ ಸ್ಥಾನವಿರಲಿಲ್ಲ ಎಂಬುದನ್ನೂ ಸೇರಿಸಬೇಕು. 1947ರಲ್ಲಿ ಹೊಸ ಪಾಕಿಸ್ತಾನವು ನೋಟು, ಅಂಚೆಚೀಟಿಗಳಿಂದ ಬಂಗಾಳಿಯನ್ನು ಹೊರಗಿಟ್ಟದ್ದು ಢಾಕಾದ ವಿದ್ಯಾರ್ಥಿಗಳನ್ನು ಕೆರಳಿಸಿದ ಸಂಗತಿಗಳಲ್ಲಿ ಒಂದು. ಅದರ ಮುಂದಿನ ಚರಿತ್ರೆ ತಮಗೆ ಗೊತ್ತಿದೆ. ಚಿಕ್ಕ ಕಾಗದವೆಂದು ಸರ್ಕಾರಗಳು ಅದನ್ನು ಹಗುರವಾಗಿ ಕಂಡಿಲ್ಲ. ನಾವು ಮಾತ್ರ ಮಕ್ಕಳ ಆಟವೆಂದುಕೊಂಡಿದ್ದೇವೆ.

ಕನ್ನಡಿಗರ ಪಾಲಿಗೆ ಬಂದರೆ, ನಮ್ಮ ಹೆಸರಿನ ಚೀಟಿಯೇ ಇರಲಿಲ್ಲ. ಮೈಸೂರಿಗೆ ಚಿಕ್ಕದೇವರಾಜ ಒಡೆಯರ ಕಾಲದಿಂದ ತನ್ನದೇ ಅಂಚೆಯಿತ್ತು. ಆದರೆ ತಿರುವಾಂಕೂರು, ಕೊಚ್ಚಿಗಳಂತೆ ಅದು ಚೀಟಿ ಹೊರಡಿಸಲಿಲ್ಲ. 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ಕೂಡಿಹೋಯಿತು. ಹೈದರಾಬಾದಿನ ನಿಜಾಮರ 1931ರ ಮಾಲಿಕೆಯಲ್ಲಿ ಬೀದರದ ಮದರಸಾ ಇದೆ, ಆದರೆ ಅದು ನಿಜಾಮರ ವೈಭವವಾಗಿ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳು ಮುಂಬಯಿಗೆ. ಮಂಗಳೂರು, ಬಳ್ಳಾರಿ ಈ ಮದರಾಸಿಗೆ. ಹಾಗಾದರೆ ಕನ್ನಡ ನಾಡು ಒಂದಾದದ್ದನ್ನು ಅಂಚೆಯಲ್ಲಿ ಎಲ್ಲಿ ನೋಡುವುದು? ಚೀಟಿಯ ಮೇಲಲ್ಲ, ಪತ್ರದ ವಿಳಾಸದಲ್ಲಿ. ನನ್ನ ಅಜ್ಜಿ ಹಳ್ಳಿ ಬಿಟ್ಟು ಕದಲಲಿಲ್ಲ. 1956ರ ಅಕ್ಟೋಬರಿನವರೆಗೆ ಅವಳು ಮುಂಬಯಿ ರಾಜ್ಯದವಳು, ನವೆಂಬರ್ 1ರಿಂದ ಮೈಸೂರು ರಾಜ್ಯದವಳು. ಅವಳು ತೀರಿಕೊಂಡ ಮೇಲೆ, 1973ರಲ್ಲಿ, ಅದೇ ಮನೆ ಕರ್ನಾಟಕದ್ದಾಯಿತು. 1997ರಲ್ಲಿ ಧಾರವಾಡ ಜಿಲ್ಲೆಯೂ ಹೋಗಿ ಗದಗ ಜಿಲ್ಲೆಯಾಯಿತು. ಈ ಕಡೆಯ ವಿಳಾಸವೂ ಸುಮ್ಮನಿರಲಿಲ್ಲ: ಮದರಾಸು-11 ಎಂಬುದು 1972ರಲ್ಲಿ ಪಿನ್‌ಕೋಡ್ ಬಂದು 600011 ಆಯಿತು, 1996ರಲ್ಲಿ ಮದರಾಸು ಚೆನ್ನೈ ಆಯಿತು.

ಇದೆಲ್ಲ ಹೊಳೆದ ಮೇಲೆ ಮನೆಯೆಲ್ಲ ತಡಕಿದೆ. ತಾಯಿಯ ಬಿಸ್ಕತ್ತಿನ ಡಬ್ಬಿಯೊಂದು ಗೋಡೆಯ ಮೇಲಿನ ಕಪಾಟಿನಲ್ಲಿ ನೆನೆಯದೆ ಉಳಿದಿತ್ತು. ಅದರಲ್ಲಿ ಅಜ್ಜಿಯ 43 ಕಾರ್ಡುಗಳು. ನನ್ನ ಕತ್ತರಿಯಿಂದ ತಪ್ಪಿಸಿಕೊಂಡವು 12. ಉಳಿದ 31ಕ್ಕೆ ಮೂಲೆಯಿಲ್ಲ. ತಪ್ಪಿಸಿಕೊಂಡವುಗಳಲ್ಲಿ ಒಂದು 1956ರ ನವೆಂಬರಿನದು. ಮಾಸ್ತರರು ಸಹಿಯ ಕೆಳಗೆ ಪೂರ್ತಿ ವಿಳಾಸ ಬರೆಯುವ ಶಿಸ್ತಿನವರು. 'ಮೈಸೂರು ರಾಜ್ಯ' ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಅಜ್ಜಿಯ ಸುದ್ದಿಯಲ್ಲಿ ಅದರ ಪ್ರಸ್ತಾಪವಿಲ್ಲ. ಅವಳ ಚಿಂತೆ ಎಮ್ಮೆಯದು. ಆ ಎರಡು ಗೆರೆ ಮಾಸ್ತರರದೇ ಭಾಷಣ.

ಮೂಲೆ ಹೋದ ಕಾರ್ಡುಗಳನ್ನು ಓದುವ ಕಷ್ಟವೇ ಬೇರೆ. ವಿಳಾಸದ ಕಡೆ ಬಲಮೂಲೆ ಕತ್ತರಿಸಿದರೆ ಒಕ್ಕಣೆಯ ಕಡೆ ಎಡಮೂಲೆ ಹೋಗುತ್ತದೆ. ಅಂದರೆ 'ಚಿರಂಜೀವಿ' ಎಂದು ಆರಂಭವಾಗುವ ಸಾಲು, ಅದರ ಕೆಳಗಿನ ಎರಡು ಮೂರು ಸಾಲುಗಳ ಮೊದಲ ಮಾತುಗಳು. ಒಂದು ಕಾರ್ಡಿನಲ್ಲಿ ಯಾರದೋ ಮದುವೆ ನಿಶ್ಚಯವಾಗಿದೆ, ಯಾರದೆಂದು ಇಲ್ಲ. ಇನ್ನೊಂದರಲ್ಲಿ ಹೊಲ ಮಾರಿದ ಸುದ್ದಿ. ಎಷ್ಟಕ್ಕೆ, ಯಾರಿಗೆ ಎಂಬುದು ನನ್ನ ಕತ್ತರಿಗೆ ಹೋಗಿದೆ. ತಂದೆ ಓದಿದ್ದರು, ಅವರಿಗೆ ಗೊತ್ತಿತ್ತು. ಈಗ ಕೇಳಲು ಅವರಿಲ್ಲ.

ಆಗ ನೆನಪಾಯಿತು, ಆ ಮೂಲೆಗಳು ನಾಶವಾಗಿಲ್ಲ, ಆಲ್ಬಮಿನಲ್ಲಿವೆ. ನೀರಿಗೆ ಅಂಟು ಬಿಟ್ಟು ಉದುರಿದ್ದ ಚೌಕಗಳನ್ನು ಮಗುಚಿದೆ. ಹಿಂದೆ ಮಾಸ್ತರರ ಅಕ್ಷರ; ಕೆಲವು ಕಡೆ ಮಸಿ ಹರಡಿದೆ, ಕೆಲವು ಕಡೆ ಸ್ಪಷ್ಟ. ಅರವತ್ತು ವರ್ಷ ಅವು ಪುಟಕ್ಕೆ ಮುಖ ಒತ್ತಿಕೊಂಡು ಮಲಗಿದ್ದವು. ಅಂದಿನಿಂದ ಇದೇ ನನ್ನ ಸಂಗ್ರಹಕಾರ್ಯ. ಚೌಕದ ಮೇಲೆ ಠಸ್ಸೆಯ ಅರ್ಧ ವೃತ್ತ, ಕಾರ್ಡಿನ ಮೇಲೆ ಉಳಿದರ್ಧ. ಭೂತಗನ್ನಡಿಯಲ್ಲಿ ನೋಡುತ್ತ, ಒಂದರ ಕಮಾನಿಗೆ ಇನ್ನೊಂದರ ಕಮಾನು ಕೂಡಿಸಿ, ತಾರೀಖು ಸರಿಹೋಗುತ್ತದೆಯೇ ಎಂದು ನೋಡುವುದು. ಆಮೇಲೆ ಮಗುಚಿ ಸಾಲುಗಳು ಕೂಡುತ್ತವೆಯೇ ಎಂದು ಓದುವುದು. ಎರಡು ವರ್ಷದಲ್ಲಿ 26 ಚೌಕಗಳಲ್ಲಿ 19 ತಮ್ಮ ಕಾರ್ಡನ್ನು ಸೇರಿವೆ. ಮದುವೆ ನನ್ನ ಚಿಕ್ಕ ಅತ್ತೆಯದು. ಏಳು ಚೌಕಗಳಿಗೆ ಕಾರ್ಡಿಲ್ಲ. ಹನ್ನೆರಡು ಕಾರ್ಡುಗಳಿಗೆ ಚೌಕವಿಲ್ಲ. ಹೊಲ ಮಾರಿದ ಕಾರ್ಡು ಅವುಗಳಲ್ಲೊಂದು.

ಆದ್ದರಿಂದ ತಮ್ಮಲ್ಲಿ ಎರಡು ಕೋರಿಕೆ. ಮನೆಯಲ್ಲಿ ಹಳೆಯ ಪತ್ರಗಳಿದ್ದರೆ ಲಕೋಟೆಸಹಿತ ಇಡಿ. ಚೀಟಿಯನ್ನು ಕತ್ತರಿಸಬೇಡಿ, ನೆನೆಹಾಕಬೇಡಿ, ಚೆನ್ನಾಗಿ ಉಳಿಯಲೆಂದು ಲ್ಯಾಮಿನೇಟ್ ಅಂತೂ ಮಾಡಿಸಬೇಡಿ. ಪ್ರತಿ ತಿಂಗಳ ಎರಡನೆಯ ಭಾನುವಾರ ನಾನು ಇಲ್ಲಿಗೆ ಬರುತ್ತೇನೆ. ತಂದರೆ ಠಸ್ಸೆ, ತಾರೀಖು ಓದಿ ಪಟ್ಟಿ ಮಾಡಿಕೊಡುತ್ತೇನೆ.

ಎರಡನೆಯದು ಸ್ವಾರ್ಥದ್ದು. 1960ರಿಂದ 66ರವರೆಗೆ ಇಲ್ಲಿಯ ರೈಲ್ವೆ ಶಾಲೆಯಲ್ಲಿ ನನ್ನ ಜೊತೆ ಓದಿದವರು ಕೆಲವರಾದರೂ ಈ ಸುತ್ತಿನಲ್ಲಿರಬಹುದು. ಒಂದೇ ಬಗೆಯ ಚೌಕ ಎರಡಾದಾಗ ಒಂದನ್ನು ನಿಮಗೆ ಕೊಟ್ಟು ಮಗ್ಯಾರ್ ಪೋಸ್ಟಾದ ಬಣ್ಣದ ಚೀಟಿ ತೆಗೆದುಕೊಂಡಿದ್ದೇನೆ. ನಿಮ್ಮ ಆಲ್ಬಮ್ ಇನ್ನೂ ಇದ್ದರೆ, ಕಾರ್ಡಿನಿಂದ ಕತ್ತರಿಸಿದ ಚೌಕಗಳನ್ನು ದಯವಿಟ್ಟು ಒಮ್ಮೆ ಮಗುಚಿ ನೋಡಿ. ಹಿಂದೆ ನೀಲಿಗಪ್ಪು ಮಸಿಯಲ್ಲಿ, ಬಲಕ್ಕೆ ವಾಲಿದ ಕನ್ನಡ ಅಕ್ಷರವಿದ್ದರೆ ಅದು ನಮ್ಮ ಮನೆಯದು. ನಿಮ್ಮ ಮಗ್ಯಾರ್ ಚೀಟಿ ನನ್ನಲ್ಲಿ ಜೋಪಾನವಾಗಿದೆ, ಹಿಂದಿರುಗಿಸುತ್ತೇನೆ.