ಜಲನಾಳಗಳ ಜೀರ್ಣೋದ್ಧಾರ



ಜೀರ್ಣೋದ್ಧಾರವೆಂದೊಡನೆ ಜನರ ಚಿತ್ತವು ಗುಡಿಯ ಗೋಪುರದ ಕಡೆಗೋ ಮಠದ ಮಹಾದ್ವಾರದ ಕಡೆಗೋ ಹರಿಯುವುದು ಸಹಜವು. ನೆಲದೊಳಗೆ ಹುದುಗಿದ ನೀರಿನ ಕೊಳವೆಯು ತುಕ್ಕು ಹಿಡಿದರೆ ಕೇಳುವವರಾರು? ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದುದನ್ನು ಕೊಂಡಾಡದ ಭಕ್ತರಿಲ್ಲ. ಆದರೆ ಕಟ್ಟಿದ ಕೆರೆಗೆ ಹೂಳೆತ್ತುವವರೂ ಏರಿಯ ಬಿರುಕು ಮುಚ್ಚುವವರೂ ತಲೆಮಾರು ತಲೆಮಾರಿಗೆ ಬೇಕಷ್ಟೆ. ಅವರ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ.

ಹುಬ್ಬಳ್ಳಿ-ಧಾರವಾಡ ಅವಳಿ ನಗರಗಳ ಸಂಗತಿಯು ಇದಕ್ಕೆ ತಕ್ಕ ನಿದರ್ಶನವು. 1955ರಲ್ಲಿ ನೀರಸಾಗರವು ನಿರ್ಮಿತವಾಯಿತು. ಮುಂದೆ ನವಿಲುತೀರ್ಥದ ಮಲಪ್ರಭಾ ಜಲಾಶಯದಿಂದಲೂ ನೀರು ಬಂದಿತು. ಊರಿಗೆ ಬಂದ ನೀರು ಮನೆಯ ನಳದಲ್ಲಿ ಮಾತ್ರ ದಿನಾಲು ಕಾಣಲಿಲ್ಲ. ಹಲವು ದಿನಗಳಿಗೊಮ್ಮೆ, ಅದೂ ಕೆಲವೇ ತಾಸು. ನೀರು ಬಿಡುವವನು ಯಾವ ಹೊತ್ತಿಗೆ ಬರುವನೋ ಎಂದು ತಾಯಂದಿರು ಅಪರಾತ್ರಿಯಲ್ಲಿ ಕೊಡಗಳನ್ನಿಟ್ಟುಕೊಂಡು ಕಾದುದುಂಟು. ಹಗಲು ಬಂದರೆ ಕೂಲಿಯವಳಿಗೆ ಅಂದಿನ ದುಡಿಮೆಯೇ ಹೋಯಿತು.

ಸರದಿಯ ನೀರಿನಲ್ಲಿ ಇನ್ನೊಂದು ಕೇಡು ಅಡಗಿದೆ. ಕೊಳವೆಯು ತುಂಬಿ ಒತ್ತಡದಿಂದಿರುವಾಗ ಬಿರುಕಿನಿಂದ ನೀರು ಹೊರಕ್ಕೆ ಸೋರುವುದು. ಬರಿದಾದಾಗಲಾದರೋ ಅದೇ ಬಿರುಕಿನಿಂದ ಪಕ್ಕದ ಚರಂಡಿಯ ಕೊಳೆಯು ಒಳಕ್ಕೆ ಸೇರುವುದು. ಮರಳಿ ನೀರು ಬಿಟ್ಟಾಗ ಅದು ನೇರವಾಗಿ ಮನೆಯ ಹಂಡೆಗೆ ಬರುವುದು. ತುಂಬುವ ಬರಿದಾಗುವ ಈ ಹೊಡೆತದಿಂದ ಹಳೆಯ ಕೊಳವೆಯು ಇನ್ನಷ್ಟು ಸಡಿಲವಾಗುವುದು.

2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ಭಾಗಗಳಲ್ಲಿ, ಜನಸಂಖ್ಯೆಯ ಸುಮಾರು ಹತ್ತನೆಯ ಒಂದು ಪಾಲಿಗೆ, ಹೊಸ ಕೊಳವೆ ಹೂಳಿ ಮೀಟರು ಜೋಡಿಸಿ ಹಗಲಿರುಳೂ ನೀರು ಕೊಡಲಾಯಿತು. 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಹುಬ್ಬಳ್ಳಿ-ಧಾರವಾಡದ ನಳಗಳ ನೀರನ್ನು ಪರೀಕ್ಷಿಸಿದಾಗ, ಸರದಿಯ ನೀರಿನ 100 ಮಾದರಿಗಳಿಗೆ ಸುಮಾರು 32ರಲ್ಲಿ ಮಲಸಂಬಂಧಿ ಕ್ರಿಮಿಗಳಿದ್ದವು. ಹಗಲಿರುಳಿನ ನೀರಿನಲ್ಲಿ 100ಕ್ಕೆ ಒಂದರಲ್ಲಿಯೂ ಪೂರ್ತಿಯಾಗಿ ಇರಲಿಲ್ಲ. ಒಂದೇ ಊರು, ಕೊಳವೆ ಮಾತ್ರ ಬೇರೆ!

ಆದಾಗ್ಯೂ ಆಕ್ಷೇಪಣೆಗಳು ಹುಟ್ಟದಿರಲಿಲ್ಲ. ನಡೆಸುವ ಭಾರವನ್ನು ವಿದೇಶೀ ಮೂಲದ ಕಂಪನಿಗೆ ವಹಿಸಿದ್ದು ಒಂದು. ಅಳೆದು ಹಣ ಕೇಳಿದ್ದು ಇನ್ನೊಂದು. ನೀರು ಶಿವನು ಕೊಟ್ಟದ್ದು, ಅದಕ್ಕೆ ಬೆಲೆ ಕಟ್ಟುವುದು ಪಾಪವೆಂದು ವಾದಿಸುವವರುಂಟು. ಮಳೆಯನ್ನು ಶಿವನು ಕೊಟ್ಟನು, ನಿಜ, ಕೊಳವೆಯನ್ನು ಕೊಡಲಿಲ್ಲ. ಅದನ್ನು ಹೂಳುವವನದೂ ಸೋರಿಕೆ ಹುಡುಕುವವನದೂ ಕಾಯಕವು. ಕಾಯಕಕ್ಕೆ ಪ್ರತಿಫಲ ಕೊಡದವನು ದಾಸೋಹದ ಮಾತನ್ನಾಡಲು ಅರ್ಹನಲ್ಲ. ಅಲ್ಲದೆ, ಅಗ್ಗದ ದರದ ಹೆಚ್ಚಿನ ಫಲವನ್ನು ಉಣ್ಣುವವರು ತೊಟ್ಟಿ, ಪಂಪುಗಳುಳ್ಳ ಮಹಡಿಯ ಮನೆಯವರು; ನಳವೇ ಇಲ್ಲದ ಗುಡಿಸಲಿನವರು ಟ್ಯಾಂಕರಿಗೆ ಕಾಸು ತೆರುವರು. ಬಡವರಿಗೆ ಅಲ್ಪ ದರ ಬೇಕು, ನಳ ಜೋಡಿಸುವ ಖರ್ಚೂ ಅವರ ಮೇಲೆ ಬೀಳಬಾರದು. ಉಳಿದವರು ಬಳಸಿದಷ್ಟಕ್ಕೆ ತೆರಲಿ. ತೆತ್ತ ಹಣವು ಬೇರೆ ವೆಚ್ಚದಲ್ಲಿ ಕರಗದೆ ಕೊಳವೆಗಳ ದುರಸ್ತಿಗೇ ಸಲ್ಲಬೇಕು.

ನೀರು ತರುವವರೊಬ್ಬರು, ಹಂಚುವವರೊಬ್ಬರು, ದರ ಗೊತ್ತುಮಾಡುವವರು ಮತ್ತೊಬ್ಬರಾದರೆ ಸೋರಿಕೆಗೆ ಉತ್ತರ ಹೇಳುವವರೇ ಇರುವುದಿಲ್ಲ. ನಡೆಸುವವರು ಕಂಪನಿಯಾಗಲಿ ಪಾಲಿಕೆಯಾಗಲಿ, ಲೆಕ್ಕವು ಜನರ ಮುಂದೆ ಬರಬೇಕು. ಅವಳಿ ನಗರಗಳ ಉಳಿದ ಭಾಗಗಳಿಗೂ ಈ ಏರ್ಪಾಡನ್ನು ವಿಸ್ತರಿಸಲು 2016ರಲ್ಲಿ ವಿಶ್ವಬ್ಯಾಂಕು ಮತ್ತೊಂದು ಸಾಲವನ್ನು ಮಂಜೂರು ಮಾಡಿತು. ಮೊದಲ ನಳಗಳಲ್ಲಿ ನೀರು ಹರಿದು ಅಷ್ಟರೊಳಗೆ ಎಂಟು ವರ್ಷಗಳಾಗಿದ್ದವು. ಅಷ್ಟು ಕಾಲವೂ ಬೇರೆ ಓಣಿಗಳ ತಾಯಂದಿರು ಕೊಡಗಳೊಡನೆ ಕಾಯುತ್ತಲೇ ಇದ್ದರು.