ಫೈಲು ಸತ್ತಿಲ್ಲ, ಬೀಗ ಬಿದ್ದಿದೆ!



ಗುಡುಗುವ ಭಾಷಣ ನನಗೆ ಬಾರದು. ನಾನು ಪ್ರೆಸ್ಸಿನವನು. ಕೆಲಸದಲ್ಲಿ ಕಲಿತ ಒಂದು ಮಾತು ಹೇಳಿ ಕೂರುತ್ತೇನೆ.

ಕಳೆದ ವರ್ಷ ಒಬ್ಬ ಹುಡುಗ ಸಿ.ಡಿ. ಹಿಡಿದು ಬಂದ. ತೀರಿಕೊಂಡ ತಂದೆ ಬರೆದಿದ್ದ ನಾಟಕ ಅದರಲ್ಲಿತ್ತು. ಕೈಬರಹದ ಪ್ರತಿ ಗೆದ್ದಲಿನ ಪಾಲಾಗಿತ್ತು. ತೋರಿಸಿದ ಕಡೆಯಲ್ಲೆಲ್ಲ "ಫೈಲು ಕೆಟ್ಟಿದೆ, ಎಸೆಯಪ್ಪ" ಎಂದಿದ್ದರಂತೆ. ನಾನು ನೋಡಿದೆ. ಎರಡು ಫೈಲುಗಳಿದ್ದವು. ಒಂದರ ಬಾಲದಲ್ಲಿ 'ಡಿಒಸಿ', ಇನ್ನೊಂದರಲ್ಲಿ 'ಪಿ65'. ಎರಡೂ ಕೆಟ್ಟಿರಲಿಲ್ಲ!

ಮೊದಲನೆಯದು ವರ್ಡ್ ಫೈಲು. ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೀಟು. ಯಾಕೆ? ನುಡಿಯಂಥ ಹಳೆಯ ಫಾಂಟುಗಳಲ್ಲಿ ನಮ್ಮ ಅಕ್ಷರಗಳು ಇಂಗ್ಲಿಷಿನ ಜಾಗದಲ್ಲಿ ಬಾಡಿಗೆಗೆ ಕೂತಿವೆ. ನುಡಿಯಲ್ಲಿ 'ಕ' ಎಂದರೆ ಕಂಪ್ಯೂಟರಿಗೆ ಇಂಗ್ಲಿಷಿನ 'ಪಿ', ಪಕ್ಕದಲ್ಲಿ ಗೀಟು ಹೊತ್ತ 'ಎ'. ಆ ಫಾಂಟು ಹಾಕಿದ ಕೂಡಲೇ ನಾಟಕದ ಮೊದಲ ಅಂಕ ಕಣ್ಣುಬಿಟ್ಟಿತು.

ಎರಡನೆಯದು ಪೇಜ್‌ಮೇಕರ್ 6.5ರದ್ದು. 1985ರಲ್ಲಿ ಆಲ್ಡಸ್ ಕಂಪನಿ ತಂದ ತಂತ್ರಾಂಶ ಅದು. 1994ರಲ್ಲಿ ಅಡೋಬಿ ಪಾಲಾಯಿತು. 2001ರ 7ನೇ ಆವೃತ್ತಿಗೆ ಅದರ ಕತೆ ಮುಗಿಯಿತು. ಇಂದಿನ ಇನ್‌ಡಿಸೈನ್ ಕೂಡ ಆ ಫೈಲನ್ನು ತೆರೆಯುವುದಿಲ್ಲ. ಆದರೆ ಪುಕ್ಕಟೆ ಸಿಗುವ ಲಿಬ್ರೆಆಫೀಸ್ 2015ರ 4.4ನೇ ಆವೃತ್ತಿಯಿಂದ ಪೇಜ್‌ಮೇಕರ್ ಫೈಲನ್ನು ಓದುತ್ತದೆ. ಪುಟದ ಅಂದ ಕೆಡಬಹುದು, ಮಾತು ಉಳಿಯುತ್ತದೆ.

ನಿಮ್ಮ ಮನೆಯಲ್ಲೂ ಇಂಥ ಫೈಲು ಇದ್ದೀತು. ಆಗ ಹೀಗೆ ಮಾಡಿ. ಮೊದಲು ನಕಲು ತೆಗೆಯಿರಿ, ಮೂಲದ ಮೇಲೆ 'ಸೇವ್' ಒತ್ತಲೇಬೇಡಿ. ಹೆಸರಿನ ಬಾಲ ನೋಡಿ. ಬಾಲ ಬರೀ ಚೀಟಿ, ಸುಳ್ಳೂ ಹೇಳೀತು. ಅನುಮಾನ ಬಂದರೆ ನಕಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಶೇಕಡಾ ಚಿಹ್ನೆಯ ಹಿಂದೆಯೇ 'ಪಿಡಿಎಫ್' ಎಂದಿದ್ದರೆ ಅದು ಪಿಡಿಎಫ್. ಮೊದಲೆರಡು ಅಕ್ಷರ 'ಪಿಕೆ' ಆಗಿದ್ದರೆ ಅದು ಜಿಪ್ ಗಂಟು. ಹೊಸ ವರ್ಡ್ ಫೈಲುಗಳೂ ಈ ಗಂಟೇ.

ತೆರೆದರೆ ಸಾಲದು, ಪಠ್ಯವನ್ನು ಯೂನಿಕೋಡಿಗೆ ತನ್ನಿ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಆದರೆ ಕುರುಡಾಗಿ ನಂಬಬೇಡಿ. ನಡುವೆ ನಿಜವಾದ ಇಂಗ್ಲಿಷ್ ಪದವಿದ್ದರೆ ಅದನ್ನೂ ಕನ್ನಡ ಮಾಡಿ ಕಲಸಿಬಿಡುತ್ತವೆ. ಆ ಹುಡುಗ ಒಂದೊಂದು ಸಾಲನ್ನೂ ತಾಯಿಗೆ ಓದಿ ಹೇಳಿದ. ಗಂಡನ ಮಾತು ಬಾಯಿಪಾಠವಿದ್ದ ಆಕೆ ತಪ್ಪು ತಿದ್ದಿಸಿದರು. ಇದಕ್ಕಿಂತ ದೊಡ್ಡ ಪ್ರೂಫ್ ರೀಡರ್ ಬೇಕೆ?

1991ರಲ್ಲೇ ಯೂನಿಕೋಡಿನ ಮೊದಲ ಆವೃತ್ತಿ ಕನ್ನಡಕ್ಕೆ ಸ್ವಂತ ಮನೆ ಕೊಟ್ಟಿತು. ಪೇಜ್‌ಮೇಕರಿಗೆ ಅದು ತಿಳಿಯದು ಎಂದು ನಾವು ಪ್ರೆಸ್ಸಿನವರು ಬಾಡಿಗೆ ಮನೆಯಲ್ಲೇ ಉಳಿದೆವು. ತಪ್ಪು ನಮ್ಮದೂ ಇದೆ, ಒಪ್ಪುತ್ತೇನೆ. ಹಾಗೆ ಕೂಡಿಸಿದ ಪುಸ್ತಕ, ಸ್ಮರಣಸಂಚಿಕೆ, ಸಂಘದ ವರದಿಗಳು ಎಷ್ಟೋ ಬೀರುಗಳಲ್ಲಿ ಮಲಗಿವೆ. ಹುಡುಕಿದರೆ ಸಿಗವು, ಯಂತ್ರ ಓದದು. ಬೋರ್ಡಿನಲ್ಲಿ ಕನ್ನಡ ಬೇಕೆಂದು ಬೀದಿಗಿಳಿಯುವ ನಾವು ಬೀರುವಿನ ಕನ್ನಡವನ್ನು ಮರೆಯಬಹುದೆ?

ಪ್ರೆಸ್ಸಿಗೆ ಹೋದಾಗ ಅಚ್ಚಾದ ಪ್ರತಿಯ ಜೊತೆಗೆ ಯೂನಿಕೋಡ್ ಪಠ್ಯವನ್ನೂ ಕೇಳಿ ಪಡೆಯಿರಿ. ಕೇಳುವುದು ನಿಮ್ಮ ಹಕ್ಕು. ಮನೆಯ ಹಳೆಯ ಸಿ.ಡಿ.ಯನ್ನು ಇವತ್ತೇ ತೆಗೆಯಿರಿ. ಸಿ.ಡಿ.ಗೂ ಆಯುಸ್ಸು ಇದೆ.

ಸಿರಿಗನ್ನಡಂ ಗೆಲ್ಗೆ!